ಕಾಂಟ್ರ್ಯಾಕ್ಟ್ ಮುಗಿದ ಸ್ಟಾರ್‌ಗಳು ಪ್ರತಿ ಸಲ ಬಿಟ್ಟಿಯಾಗಿ ಹೋಗ್ತಾರಲ್ಲ, ಕ್ಲಬ್ ಅವರನ್ನ ಹಿಡಿದಿಟ್ಟುಕೊಳ್ಳೋದು ಹೇಗೆ?

ಬೈನಾ_ಟು_ಫತೋರ್ಡಾ:

ವಾಸ್ಕೋ, ಝುವಾರಿನಗರ, ಮಡಗಾಂವ್ ಕಡೆಯಿಂದ ಫತೋರ್ಡಾ ಸ್ಟೇಡಿಯಂಗೆ ಫುಟ್‌ಬಾಲ್ ಮ್ಯಾಚ್ ನೋಡೋಕೆ ಹೋಗೋ ಕನ್ನಡಿಗರು ಇಲ್ಲಿ ಬಹಳ ಜನ ಇದ್ದೀರಿ. ಕಾಂಟ್ರ್ಯಾಕ್ಟ್ ವ್ಯವಹಾರ ಬಲ್ಲವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

2019-20ರಲ್ಲಿ ನಮ್ಮ ಎಫ್‌ಸಿ ಗೋವಾ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಲೀಗ್ ಹಂತದ ಮೊದಲ ಸ್ಥಾನಕ್ಕೆ ಸಿಗೋ ಶೀಲ್ಡ್ ಗೆದ್ದು, ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋಗೋ ಮೊದಲ ಭಾರತೀಯ ಕ್ಲಬ್ ಆಯ್ತು. ಅದೇ ವರ್ಷ ಮಂದಾರ್ ರಾವ್ ದೇಸಾಯಿ, ಮುರ್ತದಾ ಫಾಲ್, ಅಹ್ಮದ್ ಜಾಹೂ, ಹ್ಯೂಗೋ ಬೂಮೂಸ್ ನಾಲ್ಕೂ ಜನ ಮುಂಬೈ ಸಿಟಿ ಸೇರಿದರು. ಮುಂದಿನ ಸೀಸನ್ನಿನ ಶೀಲ್ಡು, ಕಪ್ಪು ಎರಡನ್ನೂ ಮುಂಬೈಯೇ ಎತ್ತಿಕೊಂಡಿತು. 2021ರಲ್ಲಿ 14 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದ ಇಗೋರ್ ಆಂಗುಲೋ ಕೂಡ ಮುಂಬೈಗೇ. 2024ರಲ್ಲಿ ನೋಹಾ ಸದಾವಿ ಕೇರಳ ಬ್ಲಾಸ್ಟರ್ಸ್‌ಗೆ, ಮಡಗಾಂವ್ ಹುಡುಗ ಬ್ರ್ಯಾಂಡನ್ ಫೆರ್ನಾಂಡಿಸ್ ಮತ್ತೆ ಮುಂಬೈ ಸಿಟಿಗೆ.

ನನ್ನ ಪ್ರಶ್ನೆ ಇಷ್ಟು. ಕರಾರು ಮುಗಿಯೋ ಆಟಗಾರನನ್ನ ಉಳಿಸಿಕೊಳ್ಳೋ ಕೆಲಸ ಯಾವ ತಿಂಗಳಿಂದ ಶುರು ಆಗಬೇಕು? ಉಳಿಯಲ್ಲ ಅಂತ ಗೊತ್ತಾದರೆ ಯಾವಾಗ ಮಾರಬೇಕು? "ಕ್ಲಬ್ ಬಯಸಿದರೆ ಒಂದು ವರ್ಷ ಮುಂದುವರಿಸಬಹುದು" ಅನ್ನೋ ಸಾಲನ್ನ ಎಲ್ಲರ ಕರಾರಿಗೂ ಹಾಕಿಬಿಟ್ಟರೆ ಆಗಲ್ವಾ? "ಮ್ಯಾನೇಜ್‌ಮೆಂಟ್ ಸರಿ ಇಲ್ಲ" ಅನ್ನೋ ಉತ್ತರ ಬೇಡ, ಕೆಲಸದ ಕ್ರಮ ಹೇಳಿ.

ಕರಾರು_ಕಡತ:

ಮೊದಲು ಒಂದು ತಿದ್ದುಪಡಿ. ಆ ನಾಲ್ವರದ್ದೂ ಒಂದೇ ಕಥೆ ಅಲ್ಲ. ಮಂದಾರ್ ಕರಾರು ಮುಗಿಸಿ ಹೋದವರು. ಬೂಮೂಸ್ ಹೋಗಿದ್ದು ರಿಲೀಸ್ ಕ್ಲಾಸ್ ಮೇಲೆ. ಆಗ ಸುದ್ದಿಯಾದ ಮೊತ್ತ ಸುಮಾರು 1.6 ಕೋಟಿ. ಅಂದರೆ ಕರಾರಿನಲ್ಲೇ ಬರೆದಿಟ್ಟ ಬೆಲೆ ಕೊಟ್ಟರೆ ಕ್ಲಬ್ ಬೇಡ ಅನ್ನೋ ಹಾಗಿಲ್ಲ. 2019-20ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂದಿತ್ತು. ಆಟ ಮೇಲೇರಿತು, ಬರೆದಿಟ್ಟ ಬೆಲೆ ಅಲ್ಲೇ ನಿಂತಿತ್ತು. ಮಂದಾರ್ ವಿಷಯದಲ್ಲಿ ತಪ್ಪಿದ್ದು ತಾರೀಖು, ಬೂಮೂಸ್ ವಿಷಯದಲ್ಲಿ ತಪ್ಪಿದ್ದು ಬೆಲೆ. ಮದ್ದು ಬೇರೆ ಬೇರೆ.

ಈಗ ತಾರೀಖಿನ ವಿಷಯ. ಫಿಫಾದ ವರ್ಗಾವಣೆ ನಿಯಮದ 18ನೇ ವಿಧಿ ಪ್ರಕಾರ ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಸಹಿ ಹಾಕಬಹುದು. ನಮ್ಮಲ್ಲಿ ಕರಾರು ಸಾಮಾನ್ಯವಾಗಿ ಮುಗಿಯೋದು ಮೇ 31ಕ್ಕೆ. ಹಾಗಾಗಿ ಡಿಸೆಂಬರ್ 1ರಿಂದ ಬಾಗಿಲು ತೆರೆದ ಹಾಗೆ. ಆಗಲೂ ಹೊಸ ಕ್ಲಬ್ ಮಾತುಕತೆಗೆ ಕೂರೋ ಮೊದಲು ಈಗಿನ ಕ್ಲಬ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು ಅನ್ನೋ ನಿಯಮ ಇದೆ. ಆ ಪತ್ರ ಬಂದ ದಿನ ಎದ್ದು ಕೂತರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೇ 31, 2028ಕ್ಕೆ ಮುಗಿಯೋ ಕರಾರು ಅಂತ ಇಟ್ಕೊಳ್ಳಿ. ಹಿಂದಕ್ಕೆ ಎಣಿಸಿ. 18 ತಿಂಗಳು ಉಳಿದಿದ್ದಾಗ, ಅಂದರೆ 2026ರ ಡಿಸೆಂಬರಿನಲ್ಲಿ, ಈ ಆಟಗಾರ ಬೇಕೋ, ಮಾರಬೇಕೋ, ಸುಮ್ಮನೆ ಮುಗಿಯೋಕೆ ಬಿಡಬೇಕೋ ಅಂತ ಕೋಚ್ ಮತ್ತು ಮಾಲೀಕರು ಒಂದೇ ಮೇಜಿನ ಮೇಲೆ ತೀರ್ಮಾನ ಮಾಡಿರಬೇಕು. 2027ರ ಫೆಬ್ರವರಿಯೊಳಗೆ ಮೊದಲ ಆಫರ್ ಲಿಖಿತವಾಗಿ ಹೋಗಬೇಕು. 2027ರ ಬೇಸಿಗೆ ವಿಂಡೋ (ಆಟಗಾರರ ವರ್ಗಾವಣೆಗೆ ಅವಕಾಶ ಇರೋ ಅವಧಿ) ತೆರೆಯೋ ಹೊತ್ತಿಗೆ ಸಹಿ ಆಗಿಲ್ಲವಾ, ಮಾರೋಕೆ ಅದೇ ಕೊನೆಯ ಒಳ್ಳೆ ಅವಕಾಶ. 2028ರ ಜನವರಿ ವಿಂಡೋ ಹೆಸರಿಗೆ ಮಾತ್ರ. ಅಷ್ಟೊತ್ತಿಗೆ ಎದುರಿನ ಕ್ಲಬ್ "ಐದು ತಿಂಗಳು ಕಾದರೆ ಪುಕ್ಕಟೆ ಬರ್ತಾನೆ" ಅಂತ ಲೆಕ್ಕ ಹಾಕಿ ಕೂತಿರುತ್ತೆ.

ಅಷ್ಟು ಮುಂಚೆ ಯಾಕೆ ಅಂದರೆ, ಒಂದೂವರೆ ವರ್ಷ ಬಾಕಿ ಇರೋ ಆಟಗಾರನ ಜೊತೆ ಕೂತಾಗ ಇಬ್ಬರಿಗೂ ಒಂದೊಂದು ಭಯ ಇರುತ್ತೆ. ಅವನಿಗೆ ಗಾಯ ಆದರೆ ಅನ್ನೋ ಭಯ, ಕ್ಲಬ್‌ಗೆ ಕೈತಪ್ಪಿದರೆ ಅನ್ನೋ ಭಯ. ಅದಕ್ಕೇ ಮಾತು ಬೇಗ ಕುದುರುತ್ತೆ. ಆರು ತಿಂಗಳು ಉಳಿದಾಗ ಭಯ ಕ್ಲಬ್‌ಗೆ ಮಾತ್ರ.

2013-14ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿನ ಗತಿ ನೆನಪಿರಬೇಕು. ಅವರ ಸ್ಟ್ರೈಕರ್ ಲೆವಾಂಡೊವ್‌ಸ್ಕಿ 2014ರ ಜನವರಿಯಲ್ಲೇ ಎದುರಾಳಿ ಕ್ಲಬ್ ಬಯರ್ನ್ ಜೊತೆ ಸಹಿ ಹಾಕಿ, ಉಳಿದ ಅರ್ಧ ಸೀಸನ್ ಡಾರ್ಟ್‌ಮುಂಡ್ ಅಂಗಿಯಲ್ಲೇ ಆಡಿ, ಜುಲೈನಲ್ಲಿ ಒಂದು ಯೂರೋನೂ ಬಾರದ ಹಾಗೆ ಹೋದರು. ಅಷ್ಟು ದೊಡ್ಡ ಕ್ಲಬ್ಬೇ ತಡೆಯೋಕಾಗಲಿಲ್ಲ. ಕಾನೂನಿನಲ್ಲಿ ತಡೆಯೋಕೆ ಏನೂ ಇಲ್ಲ. ಕರಾರು ಮುಗಿದ ಆಟಗಾರ ಶುಲ್ಕ ಇಲ್ಲದೆ ಹೋಗಬಹುದು ಅಂದ 1995ರ ಡಿಸೆಂಬರಿನ ಬೊಸ್ಮನ್ ತೀರ್ಪಿನಿಂದ ಯುರೋಪಿನಲ್ಲಿ ಶುರುವಾದದ್ದು ಇವತ್ತು ಎಲ್ಲ ಕಡೆಯ ವ್ಯವಹಾರ.

ಪಗಾರ_ಪಟ್ಟಿ:

ತಾರೀಖಿನ ಮಾತು ಖರೇ ಐತ್ರಿ, ಆದ್ರ ರೊಕ್ಕದ ಲೆಕ್ಕ ಬಿಚ್ಚಿ ಹೇಳ್ಲಿಲ್ಲಂದ್ರ ಅರ್ಧಾನೇ ಆಗ್ತೈತಿ. ಉದಾಹರಣೆಗೆ ಒಬ್ಬ ಆಟಗಾರಗ ಈಗ ವರ್ಷಕ್ಕ 60 ಲಕ್ಷ ಪಗಾರ ಐತಿ ಅಂತ ತಿಳ್ಕೋರಿ. ನಮ್ಮ ಕ್ಲಬ್ 75 ಲಕ್ಷಕ್ಕ ಮೂರು ವರ್ಷ ಅಂತೈತಿ. ಎದುರಿನ ಕ್ಲಬ್ 80 ಲಕ್ಷ ಅಂತೈತಿ. ಆಫೀಸಿನಾಗ ಕುಂತವ್ರು "ಐದೇ ಲಕ್ಷದ ಫರಕು, ನಮ್ಮ ಹುಡುಗ, ಉಳೀತಾನ" ಅಂತ ನಿಶ್ಚಿಂತಿ ಆಗ್ತಾರ. ತಪ್ಪಾಗೋದು ಇಲ್ಲೇ. ಟ್ರಾನ್ಸ್‌ಫರ್ ಫೀ ಉಳೀತಲ್ಲ, ಅದರಾಗಿಂದ ಎದುರಿನವ್ರು 45 ಲಕ್ಷ ಸೈನಿಂಗ್ ಫೀ ಅಂತ ಆಟಗಾರಗ ಕೊಡ್ತಾರ. ಮೂರು ವರ್ಷಕ್ಕ ಹಂಚಿದ್ರ ವರ್ಷಕ್ಕ 15. ಅಂದ್ರ ಅವನ ಕಣ್ಣಿಗೆ ಕಾಣೋದು 95. ಫರಕು ಐದಲ್ಲ, ಇಪ್ಪತ್ತು ಲಕ್ಷ.

ಇದಕ್ಕ ಪಗಾರ ಒಂದನ್ನ 95ಕ್ಕ ಏರಿಸಬ್ಯಾಡ್ರಿ. ಏರಿಸಿದ್ರ ನಾಳೆ ಬೆಳಿಗ್ಗೆ ಡ್ರೆಸ್ಸಿಂಗ್ ರೂಮಿನಾಗ ಇನ್ನೂ ನಾಲ್ಕು ಮಂದಿ ಬಂದು ನಿಲ್ತಾರ. ಪಗಾರ 80 ಇಡ್ರಿ. ಜೂನ್ 1ಕ್ಕ ಆಟಗಾರ ಕ್ಲಬ್ಬಿನ ಪಟ್ಟಿಯಾಗ ಇದ್ರ ಪ್ರತಿ ವರ್ಷ ಇಷ್ಟು ಅಂತ ಲಾಯಲ್ಟಿ ಬೋನಸ್ ಬರೀರಿ: ಮೊದಲ ವರ್ಷ 10, ಎರಡನೇದಕ್ಕ 15, ಮೂರನೇದಕ್ಕ 20 ಲಕ್ಷ. ಒಟ್ಟು ಅದೇ 45. ಆದ್ರ ನಡುವ ಬಿಟ್ಟು ಹೋದ್ರ ಉಳಿದದ್ದು ಕೊಡಂಗಿಲ್ಲ. ಸೈನಿಂಗ್ ಫೀ ಒಮ್ಮೆ ಕೊಟ್ರ ಮುಗೀತು, ಇದು ಹಂಗಲ್ಲ, ವರ್ಷಾ ಹಿಡಿದು ನಿಲ್ಲಿಸ್ತೈತಿ.

ಇನ್ನೊಂದು ಗೊಂದಲ ಕೈಗೆ ಬರೋ ರೊಕ್ಕದ್ದು. ವಿದೇಶಿ ಆಟಗಾರ್ರು ಯಾವಾಗ್ಲೂ ಟ್ಯಾಕ್ಸ್ ಕಳೆದು ಕೈಗೆ ಎಷ್ಟು ಅಂತ ಮಾತಾಡ್ತಾರ, ನಮ್ಮ ಹುಡುಗ್ರು ಒಟ್ಟು ಮೊತ್ತ ಅಂತಾರ. ಟ್ಯಾಕ್ಸ್ ಶೇ. 30 ಅಂತ ಹಿಡಿದ್ರ, ಸರ್‌ಚಾರ್ಜ್ ಸೆಸ್ ಬಿಟ್ಟು, ಕೈಗೆ 70 ಲಕ್ಷ ಕೊಡಬೇಕಂದ್ರ ಕ್ಲಬ್ಬಿಗೆ ಬೀಳೋದು 1 ಕೋಟಿ. 70ಕ್ಕ 30 ಪರ್ಸೆಂಟ್ ಕೂಡ್ಸಿ 91 ಅಂತ ಬರದವ್ರು ಒಂಬತ್ತು ಲಕ್ಷದ ತೂತಿನಾಗ ಬೀಳ್ತಾರ. 70ನ್ನ 0.7ರಿಂದ ಭಾಗಿಸಬೇಕು. ಆಫರ್ ಪತ್ರದಾಗ ಎರಡೂ ಅಂಕಿ ಬರೀರಿ, ಒಟ್ಟು ಇಷ್ಟು, ಅಂದಾಜು ಕೈಗೆ ಇಷ್ಟು ಅಂತ.

ಲೀಗಿನಾಗ ಸ್ಯಾಲರಿ ಕ್ಯಾಪ್, ಅಂದ್ರ ಕ್ಲಬ್ಬಿನ ಒಟ್ಟು ಪಗಾರಕ್ಕ ಮಿತಿ, ಬ್ಯಾರೆ ಐತಿ. ಒಬ್ಬನ್ನ ಉಳಿಸ್ಕೊಂಡ್ರ ಇನ್ನೊಬ್ಬನ್ನ ಬಿಡೋದು ಗ್ಯಾರಂಟಿ. ಯಾವನ್ನ ಬಿಡ್ತೀವಿ ಅಂತ ಮೊದ್ಲ ಗೊತ್ತಿರಬೇಕು. 2021ರ ಆಗಸ್ಟಿನಾಗ ಬಾರ್ಸಿಲೋನಾಕ್ಕ ಏನಾತು? ಮೆಸ್ಸಿ ಪಗಾರ ಅರ್ಧಕ್ಕ ಇಳಿಸಿ ಉಳಿಯಾಕ ತಯಾರಿದ್ರು. ಸ್ಪೇನ್ ಲೀಗ್ ಲಾ ಲಿಗಾದ ಪಗಾರ ಮಿತಿಯೊಳಗ ಅವರನ್ನ ನೋಂದಾಯಿಸಾಕ ಆಗ್ಲಿಲ್ಲ. ಹಳೇ ಕರಾರು ಜೂನ್ 30ಕ್ಕ ಮುಗಿದಿತ್ತು.

ಬೈನಾ_ಟು_ಫತೋರ್ಡಾ:

ಪಗಾರ_ಪಟ್ಟಿ ಅಣ್ಣಾರ, 0.7ರ ಲೆಕ್ಕ ನಾನೂ ತಪ್ಪಾಗಿಯೇ ತಿಳ್ಕೊಂಡಿದ್ದೆ, ಉಪಕಾರ ಆಯ್ತು. ಮೂರನೇ ಪ್ರಶ್ನೆ ಉಳೀತು. ಮುಂದುವರಿಸೋ ಆಪ್ಷನ್ ಕ್ಲಬ್ ಕೈಯಲ್ಲೇ ಇಟ್ಕೊಂಡರೆ ಈ ಡಿಸೆಂಬರ್ ತಲೆನೋವೇ ಇರಲ್ಲವಲ್ಲ?

ಕರಾರು_ಕಡತ:

ಬರೆಯಬಹುದು. ಆದರೆ ಬರೆದದ್ದೆಲ್ಲ ನಿಲ್ಲಲ್ಲ. ಉರುಗ್ವೆಯ ಪೆನ್ಯರೋಲ್ ಕ್ಲಬ್ ಇದೇ ತರದ ಏಕಪಕ್ಷೀಯ ಆಪ್ಷನ್ ನಂಬಿಕೊಂಡಿತ್ತು. ಅದರ ಇಬ್ಬರು ಆಟಗಾರರು ಪ್ಯಾರಿಸ್ ಸೇಂಟ್ ಜರ್ಮನ್‌ಗೆ ಹೋದಾಗ ವ್ಯಾಜ್ಯ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದವರೆಗೆ ಹೋಯಿತು. 2006ರಲ್ಲಿ ಕ್ಲಬ್ ಸೋತಿತು.

ಇಂಥ ಆಪ್ಷನ್‌ಗಳನ್ನ ತೂಗೋವಾಗ ಸಾಮಾನ್ಯವಾಗಿ ನೋಡೋ ಅಂಶಗಳಿವೆ. ಆಪ್ಷನ್ ಸೇರಿ ಒಟ್ಟು ಅವಧಿ ವಿಪರೀತ ಇರಬಾರದು. ಫಿಫಾ ನಿಯಮದಲ್ಲಿ ಒಂದು ಕರಾರಿಗೆ ಐದು ವರ್ಷದ ಮಿತಿ ಇದೆ. ಚಲಾಯಿಸೋಕೆ ಕೊನೆಯ ದಿನ ಸ್ಪಷ್ಟವಾಗಿರಬೇಕು, ಅದು ಕರಾರು ಮುಗಿಯೋಕೆ ಸಾಕಷ್ಟು ಮುಂಚೆ ಇರಬೇಕು. ಆ ಹೆಚ್ಚುವರಿ ವರ್ಷದ ಸಂಬಳ ಮೊದಲೇ ಬರೆದಿರಬೇಕು. ಆಟಗಾರ ಪೂರ್ತಿ ಕ್ಲಬ್ಬಿನ ಮರ್ಜಿಗೆ ಬಿದ್ದ ಹಾಗಿರಬಾರದು, ಅಂದರೆ ಸಂಬಳ ಕಣ್ಣಿಗೆ ಕಾಣೋ ಹಾಗೆ ಏರಬೇಕು. ಕೊನೆಯದಾಗಿ, ಆ ಸಾಲು ಹದಿನೇಳನೇ ಪುಟದ ಮೂಲೆಯಲ್ಲಿ ಅಡಗಿರಬಾರದು.

ಈ ಮಾದರಿ ನೋಡಿ. ಕರಾರು 2026ರ ಜೂನ್ 1ರಿಂದ 2029ರ ಮೇ 31ರವರೆಗೆ, ಸಂಬಳ 60 ಲಕ್ಷ: "2028ರ ನವೆಂಬರ್ 15ರೊಳಗೆ ಕ್ಲಬ್ ಲಿಖಿತ ನೋಟಿಸ್ ನೀಡಿದಲ್ಲಿ ಈ ಕರಾರು 2030ರ ಮೇ 31ರವರೆಗೆ ಮುಂದುವರಿಯತಕ್ಕದ್ದು. ಸದರಿ ವರ್ಷದ ವೇತನ ರೂ. 75 ಲಕ್ಷ. ನೋಟಿಸನ್ನು ಆಟಗಾರನ ಇಮೇಲ್ ಹಾಗೂ ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಕಳಿಸತಕ್ಕದ್ದು." ಈ ಪ್ಯಾರಾ ದಪ್ಪಕ್ಷರದಲ್ಲಿ, ಪಕ್ಕದಲ್ಲೇ ಆಟಗಾರನ ಪ್ರತ್ಯೇಕ ಸಹಿ.

ನವೆಂಬರ್ 15 ಅಂತ ಯಾಕೆ ಹಾಕಿದೆ ಗಮನಿಸಿ. ಮಾರ್ಚ್ 31 ಅಂತ ಇಡೋ ಚಾಳಿ ಇದೆ. ಆಗ ಡಿಸೆಂಬರ್ 1ಕ್ಕೆ ಆಟಗಾರ ಬೇರೆ ಕಡೆ ಸಹಿ ಹಾಕಿರುತ್ತಾನೆ, ಮಾರ್ಚ್‌ನಲ್ಲಿ ಕ್ಲಬ್ ಆಪ್ಷನ್ ಚಲಾಯಿಸುತ್ತೆ, ಒಬ್ಬ ಆಟಗಾರನಿಗೆ ಎರಡು ಕರಾರು, ಮೂರು ಕಡೆ ವಕೀಲರು. ಆಪ್ಷನ್ನಿನ ಕೊನೆ ದಿನ ಆರು ತಿಂಗಳ ಗೆರೆಗೆ ಮೊದಲೇ ಮುಗಿದಿರಬೇಕು. ಒಂದು ದಿನ ತಡವಾದರೂ ಆಪ್ಷನ್ ಸತ್ತ ಹಾಗೆ. ನೋಟಿಸ್ ಹಳೆ ಏಜೆಂಟ್ ಇಮೇಲ್‌ಗೆ ಹೋಗಿ ಆಟಗಾರನಿಗೆ ತಲುಪದಿದ್ದರೂ ಜಗಳವೇ.

ತಿಳಕ್_ಮೈದಾನ_ಪಶ್ಚಿಮ:

ಎಲ್ಲರೂ ಐಎಸ್‌ಎಲ್ ಮಟ್ಟದಲ್ಲೇ ಮಾತಾಡ್ತಿದ್ದೀರಿ. ಗೋವಾದ ಸಣ್ಣ ಕ್ಲಬ್‌ಗಳಲ್ಲಿ ಸ್ಟಾರ್ ಹೋಗೋ ದಾರಿಗಳು ಬೇರೆ.

ಒಂದು, ಸಂಬಳ ಬಾಕಿ. ಕರಾರಿನಲ್ಲಿ ಎರಡು ವರ್ಷ ಉಳಿದಿದ್ದರೂ ಆಟಗಾರ ಫ್ರೀ ಆಗಬಹುದು. 2018ರ ಜೂನ್‌ನಿಂದ ಫಿಫಾ ನಿಯಮದಲ್ಲಿ ಹೊಸ ವಿಧಿ ಬಂದಿದೆ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ, ಆಟಗಾರ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾದು, ಆಗಲೂ ಪೂರ್ತಿ ಹಣ ಬಾರದಿದ್ದರೆ ಕರಾರು ಮುರಿಯಬಹುದು. ಪರಿಹಾರವನ್ನೂ ಕೇಳಬಹುದು. ಪ್ರಾಯೋಜಕರ ಹಣ ತಡ ಆಯ್ತು ಅನ್ನೋದು ಕಾರಣ ಅಂತ ಯಾರೂ ಒಪ್ಪಲ್ಲ. ನೋಟಿಸ್ ಕೈಗೆ ಬಂದ ದಿನವೇ ಲೆಕ್ಕಪತ್ರದವರಿಗೆ ಮುಟ್ಟಬೇಕು. ಅದು ಕಾರ್ಯದರ್ಶಿಯ ಡ್ರಾಯರ್‌ನಲ್ಲಿ ಹದಿನಾರು ದಿನ ಮಲಗಿದರೆ ಕಥೆ ಮುಗೀತು.

ಎರಡು, ಹುಡುಗರ ಕರಾರು. 18 ತುಂಬದವರಿಗೆ ಗರಿಷ್ಠ ಮೂರು ವರ್ಷ. 1872ರ ನಮ್ಮ ಕರಾರು ಕಾಯಿದೆ ಪ್ರಕಾರ ಅಪ್ರಾಪ್ತರ ಸಹಿಗೆ ಬೆಲೆಯೇ ಇಲ್ಲ, ಹಾಗಾಗಿ ಅಪ್ಪ ಅಮ್ಮನ ಸಹಿ ಬೇಕೇ ಬೇಕು. 17ಕ್ಕೆ ಸಹಿ ಹಾಕಿದ ಹುಡುಗ 20ಕ್ಕೆ ಫ್ರೀ. ಆಟ ಅರಳೋದೇ ಆ ವಯಸ್ಸಿಗೆ. 18 ತುಂಬಿದ ವಾರದಲ್ಲೇ ಹೊಸ ಕರಾರು, ಹೊಸ ಸಂಬಳ, ಅವನದೇ ಸಹಿ. ಇಷ್ಟು ಮಾಡಿದರೆ ಅರ್ಧ ನಷ್ಟ ನಿಲ್ಲುತ್ತೆ.

ಫ್ರೀಯಾಗಿ ಹೋದರೂ ತರಬೇತಿ ಪರಿಹಾರ ಅಂತ ಒಂದಿದೆ, ಅದನ್ನ ಮರೀಬೇಡಿ. ಹುಡುಗನಿಗೆ 23 ತುಂಬೋ ವರ್ಷದ ಕೊನೆಯವರೆಗೆ ಕೇಳಬಹುದು, 12ರಿಂದ 21ರವರೆಗಿನ ತರಬೇತಿಗೆ. ದೇಶದೊಳಗಿನ ವರ್ಗಾವಣೆಗೆ ಭಾರತದ ಫುಟ್‌ಬಾಲ್ ಫೆಡರೇಷನ್ನಿನ ನಿಯಮ ಅನ್ವಯಿಸುತ್ತೆ. ಯಾವ ಸೀಸನ್ನಿನಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನಮ್ಮಲ್ಲಿದ್ದ ಅನ್ನೋ ನೋಂದಣಿ ದಾಖಲೆ ಇಲ್ಲದಿದ್ದರೆ ಕೇಳೋಕೇ ಆಗಲ್ಲ. ಆಟಗಾರನನ್ನ ಬೆಳೆಸಿದ ಕ್ಲಬ್‌ಗಳಿಗೆ ಹಂಚೋ ಸಾಲಿಡಾರಿಟಿ ಪಾಲು ಬೇರೆ. ಅದು ವರ್ಗಾವಣೆ ಶುಲ್ಕದ ಶೇ. 5. ಶುಲ್ಕವೇ ಇಲ್ಲದ ಕಡೆ ಅದೂ ಸೊನ್ನೆ. ದೊಡ್ಡ ಕ್ಲಬ್ ಒಬ್ಬನನ್ನ ಬಿಟ್ಟಿ ಕಳಕೊಂಡಾಗ ಅವನಿಗೆ ಆಟ ಕಲಿಸಿದ ಹಳ್ಳಿ ಕ್ಲಬ್‌ಗೂ ಏಟು ಬೀಳುತ್ತೆ, ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ಮೂರನೆಯದಕ್ಕೆ ಕಾಗದದಲ್ಲಿ ಮದ್ದಿಲ್ಲ. ನಮ್ಮ ಗೋವಾದ ಡೆಂಪೋ ಐದು ಸಲ ದೇಶದ ಚಾಂಪಿಯನ್ ಆದ ಕ್ಲಬ್. 2016ರಲ್ಲಿ ಡೆಂಪೋ, ಸಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ ಗೋವಾ ಕ್ಲಬ್‌ಗಳು ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಹೊರಬಂದವು. ಆಡೋಕೆ ರಾಷ್ಟ್ರೀಯ ಲೀಗೇ ಇಲ್ಲದ ಮೇಲೆ ಯಾವ ಬೋನಸ್ ಕೊಟ್ಟರೆ ಯಾವ ಆಟಗಾರ ನಿಂತಾನು?

ಉತ್ತರ_ಗ್ಯಾಲರಿ:

ಸ್ವಲ್ಪ ಬೇರೆ ಅಭಿಪ್ರಾಯ ನನ್ನದು. ಎಲ್ಲರನ್ನೂ ಉಳಿಸಿಕೊಳ್ಳಬೇಕಾ? ಆಂಗುಲೋ ಹೋದಾಗ ಅವರಿಗೆ 37. ಮೈದಾನದಲ್ಲಿ ಒಟ್ಟಿಗೆ ನಾಲ್ಕೇ ವಿದೇಶಿಯರು, ನೋಂದಣಿಗೆ ಆರು. ಆ ಆರರಲ್ಲಿ ಒಂದು ಜಾಗವನ್ನ 37ರ ಸ್ಟ್ರೈಕರ್‌ಗೆ ಎರಡು ವರ್ಷ ಬರೆದುಕೊಡೋದು ದುಬಾರಿ. ಅಂಥವರಿಗೆ ಒಂದು ವರ್ಷದ ಕರಾರೇ ಸರಿ, ಹೋದರೆ ಹೋಗಲಿ. ಸ್ಪೇನ್, ಮೊರಾಕೊ ಕಡೆ ಹುಡುಕಿದರೆ ಇನ್ನೊಬ್ಬ ಸಿಗ್ತಾನೆ.

ಮಂದಾರ್ ತರದವನು ಹುಡುಕಿದರೆ ಸಿಗಲ್ಲ. 2014ರ ಮೊದಲ ಸೀಸನ್ನಿನಿಂದ ಇದ್ದವರು, ವಿಂಗರ್ ಆಗಿದ್ದವರನ್ನ ಎಡಗಡೆ ಬ್ಯಾಕ್ ಮಾಡಿ ತಿದ್ದಿ ತೀಡಿದ್ದು. ಒಳ್ಳೆ ಭಾರತೀಯ ಲೆಫ್ಟ್ ಬ್ಯಾಕ್‌ಗಳನ್ನ ಬೆರಳಲ್ಲಿ ಎಣಿಸಬಹುದು. ಪ್ರತಿ ಕ್ಲಬ್ಬಿಗೂ ಏಳು ಭಾರತೀಯರು ಮೈದಾನದಲ್ಲಿ ಬೇಕೇ ಬೇಕು. ಹಾಗಾಗಿ ಮೊದಲ ಫೈಲ್ ತೆಗೆಯಬೇಕಾದ್ದು ಭಾರತೀಯರದ್ದು. ಗೋಲ್ಡನ್ ಬೂಟ್ ಗೆದ್ದವನ ಹಿಂದೆ ಓಡೋದು ಆಮೇಲೆ.

ಕರಾರು_ಕಡತ:

ಒಪ್ಪಿದೆ. ವಿದೇಶಿಯರಿಗೆ ಒಂದೇ ವರ್ಷದ ಕರಾರು ಸಾಕು ಅನ್ನೋದನ್ನ ನೋಹಾ ವಿಷಯದಲ್ಲಿ ಮಾತ್ರ ಒಪ್ಪಲ್ಲ. ಕೇರಳ ಅವರಿಗೆ 2026ರವರೆಗೆ ಎರಡು ವರ್ಷ ಬರೆದುಕೊಟ್ಟಿತು. ಅಂಥ ವಿಂಗರ್‌ಗೆ ಎರಡನೇ ವರ್ಷವೇ ಮುಖ್ಯ.

2020ರದ್ದು ಬರೀ ಹಣದ ಕಥೆಯೂ ಅಲ್ಲ. ಲೀಗ್ ಹಂತದ ಕೊನೆಯ ಪಂದ್ಯಗಳು ಬಾಕಿ ಇದ್ದಾಗಲೇ ಗೋವಾ ತನ್ನ ಕೋಚ್ ಸರ್ಜಿಯೊ ಲೊಬೇರಾರನ್ನ ಕೈಬಿಟ್ಟಿತು. ಮುಂದೆ ಅವರು ಮುಂಬೈ ಸಿಟಿ ಕೋಚ್ ಆದರು. ನಾಲ್ವರ ಹೊಸ ವಿಳಾಸವೂ ಅದೇ. ಕೋಚ್ ಬದಲಾಗೋ ಸೂಚನೆ ಇದ್ದರೆ ಅವರ ಆಟಕ್ಕೆ ಒಗ್ಗಿದವರ ಕರಾರು ಮೊದಲು ಭದ್ರ ಮಾಡಿಕೊಳ್ಳಬೇಕು, ಆಮೇಲೆ ಕೋಚ್ ವಿಷಯ ಎತ್ತಬೇಕು.

ಇನ್ನೊಂದು, ಎಲ್ಲರ ಕರಾರೂ ಒಂದೇ ಮೇ 31ಕ್ಕೆ ಮುಗಿಯೋಕೆ ಬಿಡಬೇಡಿ. ಮೊದಲ ಹನ್ನೊಂದರಲ್ಲಿ ಒಂದು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮುಗಿಯಬಾರದು ಅನ್ನೋದು ನನ್ನ ಅಂದಾಜು. 2025ರಲ್ಲಿ ಲಿವರ್‌ಪೂಲ್‌ಗೆ ಸಲಾಹ್, ವಾನ್ ಡೈಕ್, ಅಲೆಕ್ಸಾಂಡರ್-ಆರ್ನಾಲ್ಡ್ ಮೂವರದ್ದೂ ಒಟ್ಟಿಗೆ ಮುಗಿಯೋದಿತ್ತು. ಇಬ್ಬರು ಏಪ್ರಿಲ್‌ನಲ್ಲಿ ಸಹಿ ಹಾಕಿದರು, ಮೂರನೆಯವರು ಮ್ಯಾಡ್ರಿಡ್ ಸೇರಿದರು. ಕ್ಲಬ್ ವಿಶ್ವಕಪ್‌ಗೆ ಬೇಕು ಅಂತ ಮ್ಯಾಡ್ರಿಡ್ ಕರಾರು ಮುಗಿಯೋ ಮೊದಲೇ ಕರೆದುಕೊಂಡಿದ್ದಕ್ಕೆ ಲಿವರ್‌ಪೂಲ್‌ಗೆ ಒಂದಿಷ್ಟು ಹಣ ಸಿಕ್ಕಿತು. ತಿಂಗಳು ಕಾದಿದ್ದರೆ ಅದೂ ಇರಲಿಲ್ಲ.

ಬೈನಾ_ಟು_ಫತೋರ್ಡಾ:

ಕೊನೆಯದೊಂದು. ಆ ಮೊದಲ ಆಫರ್ ಪತ್ರದಲ್ಲಿ ಏನೇನು ಇರಬೇಕು? ನಮ್ಮ ಕಡೆ ಬಹಳ ಕ್ಲಬ್‌ಗಳಲ್ಲಿ ಅದು ವಾಟ್ಸಾಪ್‌ನಲ್ಲೇ ನಡೆಯುತ್ತೆ.

ಪಗಾರ_ಪಟ್ಟಿ:

ವಾಟ್ಸಾಪ್ ಮಾತುಕತಿಗೆ ಸೈ, ಆಫರಿಗೆ ಬ್ಯಾಡ್ರಿ. ಲೆಟರ್‌ಹೆಡ್ ಮ್ಯಾಲೆ ಒಂದೇ ಪುಟ ಸಾಕು. ಈಗಿನ ಕರಾರು ಮುಗಿಯೋ ತಾರೀಖು, ಹೊಸದರ ಶುರು ಮತ್ತ ಕೊನಿ ತಾರೀಖು, ವರ್ಷಾವಾರು ಪಗಾರ, ಬೋನಸ್ ಯಾವ ತಾರೀಖಿಗೆ ಎಷ್ಟು, ಮನಿ ಬಾಡಿಗಿ ಮತ್ತ ವಿಮಾನದ ಟಿಕೆಟ್ ಯಾರ ಮ್ಯಾಲೆ, ರಿಲೀಸ್ ಕ್ಲಾಸ್ ಮೊತ್ತ. ಪಗಾರ ಏರಿಸಿದ್ರ ರಿಲೀಸ್ ಕ್ಲಾಸೂ ಏರಿಸ್ರಿ, ಬೂಮೂಸ್ ಪಾಠ ಅದ. ಕಡೀಕ ಆಫರ್ ಎಲ್ಲೀ ತನಕ ಜೀವಂತ ಅಂತ ತಾರೀಖು ಹಾಕ್ರಿ, 21 ದಿನ ಕೊಡ್ರಿ. ತಾರೀಖು ಇಲ್ಲದ ಆಫರನ್ನ ಇಟ್ಕೊಂಡು ಏಜೆಂಟ್ ನಾಲ್ಕು ಕ್ಲಬ್ ತಿರುಗ್ತಾನ.

ಏಜೆಂಟನ ಫಿಫಾ ಲೈಸೆನ್ಸ್ ನಂಬರ್ ಕೇಳ್ರಿ. ಆಟಗಾರನ ಜೊತಿ ಅವನ ಒಪ್ಪಂದ ಎಂದು ಮುಗಿತೈತಿ ಅಂತನೂ ಕೇಳ್ರಿ. ಅದಕ್ಕ ಎರಡು ವರ್ಷದ ಮಿತಿ ಐತಿ, ಅದು ನಡುವ ಮುಗಿದ್ರ ಹೊಸ ಏಜೆಂಟ್ ಬಂದು ಮಾತುಕತಿ ಮೊದಲಿಂದ ಶುರು ಮಾಡ್ತಾನ. ಪತ್ರದ ಎರಡನೇ ಪ್ರತಿ ಮ್ಯಾಲೆ ಆಟಗಾರನ ಕೈಲಿ "ತಲುಪಿದೆ" ಅಂತ ಬರಸಿ, ಸಹಿ, ತಾರೀಖು ಹಾಕಿಸ್ಕೊಂಡು ಫೈಲಿಗೆ ಇಡ್ರಿ.